ಲ್ಯಾಪ್‌ಟಾಪ್‌ಗೆ ಹಾಕಿದ ಬ್ಯಾಕಪ್ ಡ್ರೈವ್ ಕಾಣ್ತಿಲ್ಲವೇ? ಮೊದಲು ಯಾವುದು, ಆಮೇಲೆ ಯಾವುದು

"ಡ್ರೈವ್ ಹೋಯ್ತು" ಅಂತ ಹೇಳಿಕೊಂಡು ಚಿಕ್ಕಮಗಳೂರಿನ ನನ್ನ ರಿಪೇರಿ ಮೇಜಿನ ಹತ್ತಿರ ಬರುವವರಲ್ಲಿ ಹೆಚ್ಚಿನವರ ಡ್ರೈವ್ ಹೋಗಿರುವುದಿಲ್ಲ. ನಡುವಿನ ಅಡಾಪ್ಟರ್ ಕೆಟ್ಟಿರುತ್ತದೆ. ಇಲ್ಲವೇ ಕೇಬಲ್ ಕೆಟ್ಟಿರುತ್ತದೆ. ಅದೂ ಅಲ್ಲದಿದ್ದರೆ ಡ್ರೈವ್‌ಗೆ ಸಾಕಾಗುವಷ್ಟು ಕರೆಂಟ್ ತಲುಪುತ್ತಿರುವುದಿಲ್ಲ. ಆದರೆ ಇಲ್ಲಿಗೆ ಬರುವಷ್ಟರಲ್ಲಿ ಮನೆಯಲ್ಲಿ ಏನೇನೋ ಮಾಡಿರುತ್ತಾರೆ. ಫಾರ್ಮ್ಯಾಟ್ ಒತ್ತಿರುತ್ತಾರೆ, ರಿಪೇರಿ ಸಾಫ್ಟ್‌ವೇರ್ ಓಡಿಸಿರುತ್ತಾರೆ, ಸ್ಕ್ರೂಡ್ರೈವರ್ ಹಾಕಿ ಡಬ್ಬಿ ಬಿಚ್ಚಿರುತ್ತಾರೆ. ಅಲ್ಲಿಯವರೆಗೆ ಚೆನ್ನಾಗಿದ್ದ ಫೈಲ್‌ಗಳು ಹೋಗುವುದು ಆಗಲೇ.

ಕಡೂರಿನಿಂದ ಬಂದಿದ್ದ ಒಬ್ಬ ಫೋಟೋಗ್ರಾಫರ್ ಎರಡು ಮದುವೆಗಳ ಫೋಟೋ ಕಳೆದುಕೊಂಡಿದ್ದು ಹೀಗೇ. ಕೇಬಲ್ ಬದಲಾಯಿಸಿದ್ದರೆ ಸಾಕಿತ್ತು. ಹಾಗಾಗಿ ಈ ಬರಹದಲ್ಲಿ ನಾನು ಒತ್ತಿ ಹೇಳುವುದು ಕ್ರಮವನ್ನು. ಹೊರಗಿನಿಂದ ಒಳಕ್ಕೆ ಹೋಗಿ. ಅಡಾಪ್ಟರ್, ಕರೆಂಟ್, ಕೇಬಲ್ ಎಲ್ಲ ಮುಗಿದ ಮೇಲೆ ಡ್ರೈವ್. ಡ್ರೈವ್‌ನಲ್ಲಿರುವುದನ್ನು ಇನ್ನೊಂದು ಕಡೆ ಕಾಪಿ ಮಾಡಿದ ಮೇಲೆ ರಿಪೇರಿ.

## ಶುರು ಮಾಡುವ ಮುಂಚೆ: ಈ ಮೂರು ಬೇಡ

"ಈ ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು" ಅಂತ ವಿಂಡೋಸ್ ಕೇಳಿದರೆ ಕ್ಯಾನ್ಸಲ್ ಒತ್ತಿ. ಎಷ್ಟು ಸಲ ಕೇಳಿದರೂ ಕ್ಯಾನ್ಸಲ್. ಡ್ರೈವ್ ಹಾಳಾಗಿದೆ ಅಂತ ಅದರ ಅರ್ಥವಲ್ಲ. ಡ್ರೈವ್‌ನಲ್ಲಿರುವುದು ವಿಂಡೋಸ್‌ಗೆ ಓದಲು ಬರುತ್ತಿಲ್ಲ, ಅಷ್ಟೇ.

ಪದೇ ಪದೇ ಕಿತ್ತು ಹಾಕಬೇಡಿ. ಒಳಗೆ ತಿರುಗುವ ತಟ್ಟೆ ಇರುವ ಹಾರ್ಡ್ ಡಿಸ್ಕ್ ಪ್ರತಿ ಸಲ ಮೊದಲಿನಿಂದ ವೇಗ ಹಿಡಿಯಬೇಕು. ಅದಾಗಲೇ ಸೋತಿರುವ ಡ್ರೈವ್ ಆದರೆ ಒಂದೊಂದು ಸಲವೂ ಅದಕ್ಕೆ ಪೆಟ್ಟು.

ಡ್ರೈವ್‌ನ ಡಬ್ಬಿ ಬಿಚ್ಚಬೇಡಿ. ಈಗಿನ ಅಂಗೈ ಅಗಲದ ಅನೇಕ ಡ್ರೈವ್‌ಗಳಲ್ಲಿ ಯುಎಸ್‌ಬಿ ಸಾಕೆಟ್ ಅನ್ನು ಡ್ರೈವ್‌ನ ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ಬಿಚ್ಚಿ ಬೇರೆ ಡಬ್ಬಿಗೆ ಹಾಕೋಣ ಅಂದರೂ ಆಗುವುದಿಲ್ಲ.

## ಏನೇನು ಬೇಕು

ಗೊತ್ತಿದ್ದಂತೆ ಸರಿಯಾಗಿ ಕೆಲಸ ಮಾಡುವ ಇನ್ನೊಂದು ಡೇಟಾ ಕೇಬಲ್, ಒಂದು ಮೀಟರ್‌ಗಿಂತ ಚಿಕ್ಕದು. ಇನ್ನೊಂದು ಲ್ಯಾಪ್‌ಟಾಪ್ ಅಥವಾ ಡೆಸ್ಕ್‌ಟಾಪ್, ಪಕ್ಕದ ಮನೆಯದ್ದಾದರೂ ಸರಿ. ಗೋಡೆಯ ಪ್ಲಗ್‌ನಿಂದ ತನ್ನದೇ ಕರೆಂಟ್ ತೆಗೆದುಕೊಳ್ಳುವ ಯುಎಸ್‌ಬಿ ಹಬ್, ಅಂದರೆ ಒಂದು ಪೋರ್ಟ್ ಅನ್ನು ಹಲವಾಗಿ ಮಾಡುವ ಡಬ್ಬಿ. ಒಂದು ಟಾರ್ಚ್. ಕೆಟ್ಟ ಡ್ರೈವ್‌ನಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಜಾಗ ಇರುವ ಖಾಲಿ ಡ್ರೈವ್. ಡ್ರೈವ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್.

ಜೊತೆಗೆ ಒಂದು ನೋಟ್‌ಬುಕ್, ಪೆನ್ನು. ಇದನ್ನು ಬಿಡಬೇಡಿ. ಯಾವ ಕೇಬಲ್, ಯಾವ ಪೋರ್ಟ್, ಏನಾಯಿತು ಅಂತ ಬರೆಯದೇ ಇದ್ದರೆ ಅರ್ಧ ಗಂಟೆಯಲ್ಲಿ ಎಲ್ಲ ಕಲಸಿಹೋಗುತ್ತದೆ. ಒಂದು ಸಲಕ್ಕೆ ಒಂದೇ ವಸ್ತು ಬದಲಾಯಿಸಬೇಕು. ಕೇಬಲ್ಲೂ ಪೋರ್ಟೂ ಒಟ್ಟಿಗೆ ಬದಲಾಯಿಸಿದರೆ ಸರಿಹೋದರೂ ಯಾವುದರಿಂದ ಅಂತ ಗೊತ್ತಾಗುವುದಿಲ್ಲ.

## ಹಂತ 1: ಕಿವಿಗೊಟ್ಟು ಕೇಳಿ

ಮೊದಲು ಒಂದು ಪ್ರಶ್ನೆ. ಡ್ರೈವ್ ಕೆಳಗೆ ಬಿದ್ದಿತ್ತಾ? ನೀರು ತಾಗಿತ್ತಾ? ಹೌದಾದರೆ ಕರೆಂಟ್ ಕೊಡಲೇಬೇಡಿ. ನೇರವಾಗಿ ಈ ಬರಹದ ಕೊನೆಯಲ್ಲಿರುವ "ಇಲ್ಲಿಗೆ ನಿಲ್ಲಿಸಿ" ಭಾಗಕ್ಕೆ ಹೋಗಿ.

ನಮ್ಮ ಕಡೆಯ ಹವೆಗೆ ಸಂಬಂಧಿಸಿದ ಇನ್ನೊಂದು ಮಾತು. ಮೂಡಿಗೆರೆ, ಕಳಸ, ಶೃಂಗೇರಿ ಕಡೆಯಿಂದ ಮಳೆಯಲ್ಲಿ ಬೈಕ್ ಬಾಕ್ಸ್‌ನಲ್ಲಿಟ್ಟು ತಂದ ಡ್ರೈವ್ ತಣ್ಣಗಿರುತ್ತದೆ. ಬೆಚ್ಚಗಿನ ಕೋಣೆಗೆ ಬಂದ ಕೂಡಲೇ ಅದರ ಮೇಲೆ ಸಣ್ಣಗೆ ನೀರು ಕಟ್ಟುತ್ತದೆ, ಕನ್ನಡಕದ ಮೇಲೆ ಕಟ್ಟುವ ಹಾಗೆ. ಬಂದ ತಕ್ಷಣ ಹಾಕಬೇಡಿ. ಒಂದೆರಡು ಗಂಟೆ ಮೇಜಿನ ಮೇಲೆ ಸುಮ್ನೆ ಬಿಡಿ. ಹೇರ್ ಡ್ರೈಯರ್ ಹಿಡಿಯುವುದು, ಒಲೆ ಪಕ್ಕ ಇಡುವುದು ಬೇಡ.

ಆಮೇಲೆ ಡ್ರೈವ್ ಅನ್ನು ಅಲುಗಾಡದ ಜಾಗದಲ್ಲಿಟ್ಟು, ಒಂದು ಸಲ ಹಾಕಿ, 15 ಸೆಕೆಂಡ್ ಕೇಳಿ.

ಸಣ್ಣಗೆ ಗುಂಯ್ ಅಂತ ಒಂದೇ ಸಮನೆ ಶಬ್ದ ಬಂದರೆ ಮೋಟರ್ ತಿರುಗುತ್ತಿದೆ. ಒಳ್ಳೆಯದು, ಮುಂದಿನ ಹಂತಕ್ಕೆ ಹೋಗಿ.

ಶುರುವಾಗಿ ನಿಂತು, ಮತ್ತೆ ಶುರುವಾಗಿ ನಿಂತರೆ ಕರೆಂಟ್ ಸಾಲುತ್ತಿಲ್ಲ ಅನ್ನುವ ಅನುಮಾನ ಮೊದಲು ಬರಬೇಕು. ಪೀಂ ಪೀಂ ಅಂತ ಸಣ್ಣ ಬೀಪ್ ಬಂದರೂ ಹಾಗೇ. ಆದರೆ ಸಾಕಷ್ಟು ಕರೆಂಟ್ ಕೊಟ್ಟ ಮೇಲೂ ಬೀಪ್ ನಿಲ್ಲದಿದ್ದರೆ ಒಳಗೆ ಮೋಟರ್ ಅಥವಾ ತಟ್ಟೆಯನ್ನು ಓದುವ ಹೆಡ್ ಸಿಕ್ಕಿಕೊಂಡಿರಬಹುದು.

ಟಕ್... ಟಕ್... ಟಕ್... ಅಂತ ಲಯವಾಗಿ ಬಡಿದರೆ ಓದುವ ಹೆಡ್ ತನ್ನ ಜಾಗ ಹುಡುಕಿ ಸೋಲುತ್ತಿದೆ ಅಂತ. ಕರೆಂಟ್ ಕಮ್ಮಿಯಾದಾಗಲೂ ಕೆಲವೊಮ್ಮೆ ಹೀಗಾಗುತ್ತದೆ. ಹಾಗಾಗಿ ಹಂತ 3ರಲ್ಲಿ ಹೇಳಿದಂತೆ ಒಳ್ಳೆಯ ಕರೆಂಟ್ ಕೊಟ್ಟು ಒಂದೇ ಒಂದು ಸಲ ನೋಡಿ. ಆಗಲೂ ಟಕ್ ಟಕ್ ಅಂದರೆ ಕೂಡಲೇ ತೆಗೆದುಬಿಡಿ.

ಎಸ್‌ಎಸ್‌ಡಿ, ಅಂದರೆ ಒಳಗೆ ತಿರುಗುವ ತಟ್ಟೆ ಇಲ್ಲದ ಡ್ರೈವ್ ಆದರೆ ಶಬ್ದವೇ ಇರುವುದಿಲ್ಲ. ಲೈಟ್ ನೋಡಿ, ಕೈಯಿಟ್ಟು ಬಿಸಿ ನೋಡಿ, ಅಷ್ಟೇ.

## ಹಂತ 2: ದಾರಿ ಬರೆದುಕೊಳ್ಳಿ, ನಡುವಿನದ್ದನ್ನು ತೆಗೆಯಿರಿ

ನೋಟ್‌ಬುಕ್‌ನಲ್ಲಿ ಒಂದು ಗೆರೆ ಎಳೆಯಿರಿ. ಒಂದು ತುದಿಯಲ್ಲಿ ಡ್ರೈವ್, ಇನ್ನೊಂದು ತುದಿಯಲ್ಲಿ ಲ್ಯಾಪ್‌ಟಾಪ್. ನಡುವೆ ಏನೇನಿದೆ ಬರೆಯಿರಿ: ಡ್ರೈವ್‌ನ ಸಾಕೆಟ್, ಕೇಬಲ್, ಕೇಬಲ್‌ನ ಇನ್ನೊಂದು ತುದಿ, ಅಡಾಪ್ಟರ್ ಅಥವಾ ಹಬ್, ಲ್ಯಾಪ್‌ಟಾಪ್‌ನ ಪೋರ್ಟ್. ಇವುಗಳಲ್ಲಿ ಒಂದು ಕೈ ಕೊಟ್ಟರೂ ಡ್ರೈವ್ ಕಾಣುವುದಿಲ್ಲ.

ಜನ "ಅಡಾಪ್ಟರ್" ಅನ್ನುವುದು ಮೂರು ಬೇರೆ ಬೇರೆ ವಸ್ತುಗಳಿಗೆ. ನಿಮ್ಮದು ಯಾವುದು ಅಂತ ಮೊದಲು ಗುರುತಿಸಿ.

ಒಂದು, ಬೆರಳಿನಷ್ಟು ಚಿಕ್ಕ ಕನ್ವರ್ಟರ್. ಟೈಪ್-ಸಿ ಪೋರ್ಟ್‌ಗೆ ಹಳೆಯ ಚಪ್ಪಟೆ ಯುಎಸ್‌ಬಿ ಸೇರಿಸುವಂಥದ್ದು. ಮೊಬೈಲ್‌ಗೆ ಪೆನ್‌ಡ್ರೈವ್ ಹಾಕಲು ಮಾಡಿದ ಅಗ್ಗದ ಕನ್ವರ್ಟರ್‌ಗಳಲ್ಲಿ ಎಷ್ಟೋ ಸಲ ಯುಎಸ್‌ಬಿ 2.0ರ ತಂತಿಗಳು ಮಾತ್ರ ಇರುತ್ತವೆ. ಪೆನ್‌ಡ್ರೈವ್‌ಗೆ ಅದು ಸಾಕು. ತಿರುಗುವ ಹಾರ್ಡ್ ಡಿಸ್ಕ್‌ಗೆ ಕಷ್ಟ.

ಎರಡು, ಎಚ್‌ಡಿಎಂಐ, ಕಾರ್ಡ್ ರೀಡರ್, ಎರಡು ಮೂರು ಯುಎಸ್‌ಬಿ ಎಲ್ಲ ಇರುವ ಹಬ್.

ಮೂರು, ಲ್ಯಾಪ್‌ಟಾಪ್‌ನಿಂದ ಬಿಚ್ಚಿದ ಹಳೆಯ ಹಾರ್ಡ್ ಡಿಸ್ಕ್ ಅನ್ನು ಯುಎಸ್‌ಬಿಗೆ ಜೋಡಿಸುವ ಸಾಟಾ ಅಡಾಪ್ಟರ್. ಇದರೊಳಗೆ ಒಂದು ಚಿಪ್ ಇರುತ್ತದೆ. ಡ್ರೈವ್‌ನ ಮಾತನ್ನು ಲ್ಯಾಪ್‌ಟಾಪ್‌ಗೆ ಅರ್ಥವಾಗುವಂತೆ ಮಾಡುವುದು ಅದೇ. ಆ ಚಿಪ್ ಕೆಟ್ಟರೆ ಡ್ರೈವ್ ಎಷ್ಟೇ ಚೆನ್ನಾಗಿದ್ದರೂ ಲ್ಯಾಪ್‌ಟಾಪ್‌ಗೆ ಕಾಣುವುದಿಲ್ಲ.

ಈಗ ಪರೀಕ್ಷೆ. ಅಡಾಪ್ಟರ್ ಪೂರ್ತಿ ಬಿಟ್ಟು ಡ್ರೈವ್ ಅನ್ನು ನೇರವಾಗಿ ಒಂದು ಪೋರ್ಟ್‌ಗೆ ಹಾಕಿ. ಸಾಟಾ ಅಡಾಪ್ಟರ್ ಆದರೆ ಅದನ್ನು ಬಿಡಲು ಆಗುವುದಿಲ್ಲ, ಇನ್ನೊಂದು ಸಾಟಾ ಅಡಾಪ್ಟರ್‌ನಲ್ಲಿ ಹಾಕಿ ನೋಡಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಟೈಪ್-ಸಿ ಮಾತ್ರ ಇದ್ದರೆ, ಹಳೆಯ ಚಪ್ಪಟೆ ಪೋರ್ಟ್ ಇರುವ ಇನ್ನೊಂದು ಕಂಪ್ಯೂಟರ್ ಹುಡುಕಿ. ಡೆಸ್ಕ್‌ಟಾಪ್ ಆದರೆ ಹಿಂದುಗಡೆಯ ಪೋರ್ಟ್ ಬಳಸಿ. ಮುಂದಿನ ಪೋರ್ಟ್‌ಗೆ ಒಳಗೆ ಉದ್ದದ ತಂತಿ ಇರುತ್ತದೆ. ನೇರವಾಗಿ ಹಾಕಿದಾಗ ಡ್ರೈವ್ ಕಂಡರೆ ತಪ್ಪು ಅಡಾಪ್ಟರ್‌ನದ್ದು. ಹೊಸದು ತನ್ನಿ, ಮುಗಿಯಿತು.

ಟಾರ್ಚ್ ಹಾಕಿ ಪೋರ್ಟ್‌ನ ಒಳಗೂ ನೋಡಿ. ಟೈಪ್-ಸಿ ಪೋರ್ಟ್‌ನ ತಳದಲ್ಲಿ ಬಟ್ಟೆಯ ಎಳೆ, ಧೂಳು ಗಟ್ಟಿಯಾಗಿ ಕೂತರೆ ಪಿನ್ ಪೂರ್ತಿ ಒಳಗೆ ಹೋಗುವುದಿಲ್ಲ. ಲ್ಯಾಪ್‌ಟಾಪ್ ಆಫ್ ಮಾಡಿ, ಮರದ ಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಸೂಜಿ, ಪಿನ್ನು ಬೇಡ.

## ಹಂತ 3: ಕರೆಂಟ್ ಸಾಕಾಗುತ್ತಿದೆಯಾ?

ನಾನು ನೋಡುವ ತೊಂದರೆಗಳಲ್ಲಿ ಅತಿ ಹೆಚ್ಚು ಇಲ್ಲಿಯವು. ಅದಕ್ಕೇ ಈ ಹಂತವನ್ನು ಆತುರದಲ್ಲಿ ದಾಟಬೇಡಿ.

ನಿಯಮದ ಪ್ರಕಾರ ಯುಎಸ್‌ಬಿ 2.0 ಪೋರ್ಟ್ ಕೊಡುವುದು 5 ವೋಲ್ಟ್‌ನಲ್ಲಿ 500 ಮಿಲಿಆಂಪ್. ಯುಎಸ್‌ಬಿ 3.0 ಆದರೆ 900 ಮಿಲಿಆಂಪ್. ಅಂಗೈ ಅಗಲದ 2.5 ಇಂಚಿನ ಹಾರ್ಡ್ ಡಿಸ್ಕ್‌ಗೆ ತಿರುಗಲು ಶುರುಮಾಡುವ ಆ ಒಂದೆರಡು ಸೆಕೆಂಡ್ ಮಾತ್ರ ಹೆಚ್ಚು ಕರೆಂಟ್ ಬೇಕು. ಕೆಲವಕ್ಕೆ 1 ಆಂಪ್‌ನ ಹತ್ತಿರ ಹೋಗುತ್ತದೆ. ಒಂದೇ ಹಬ್‌ಗೆ ಮೌಸ್, ಪೆನ್‌ಡ್ರೈವ್, ಟಿವಿಯ ಕೇಬಲ್ ಎಲ್ಲ ಹಾಕಿ, ಜೊತೆಗೆ ಈ ಡ್ರೈವ್ ಕೂಡ ಹಾಕಿದರೆ ಅಷ್ಟೂ ವಸ್ತುಗಳು ಹಂಚಿಕೊಳ್ಳುವುದು ಒಂದು ಪೋರ್ಟ್‌ನ ಕರೆಂಟನ್ನು. ಡ್ರೈವ್‌ಗೆ ಎಲ್ಲಿ ಸಾಕಾಗುತ್ತದೆ?

ಕರೆಂಟ್ ಸಾಲದಿದ್ದರೆ ಕಾಣುವ ಲಕ್ಷಣಗಳು ಇವು. ಡ್ರೈವ್ ಹಾಕಿದಾಗ ಬರುವ ಟಿಂಗ್ ಶಬ್ದ, ತೆಗೆದಾಗ ಬರುವ ಟಿಂಗ್ ಶಬ್ದ, ಎರಡೂ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಸಣ್ಣ ಫೈಲ್ ಹೋಗುತ್ತದೆ, ದೊಡ್ಡ ವಿಡಿಯೋ ಹಾಕಿದರೆ ನಿಲ್ಲುತ್ತದೆ. ಲ್ಯಾಪ್‌ಟಾಪ್ ಚಾರ್ಜ್‌ಗೆ ಹಾಕಿದ್ದಾಗ ಸರಿ, ಬ್ಯಾಟರಿಯಲ್ಲಿ ಸರಿಯಿಲ್ಲ.

ಏನು ಮಾಡಬೇಕು? ಮೊದಲು ಹಬ್‌ನಿಂದ ಬೇರೆ ಎಲ್ಲವನ್ನೂ ತೆಗೆದು ಡ್ರೈವ್ ಮಾತ್ರ ಬಿಡಿ. ಲ್ಯಾಪ್‌ಟಾಪ್‌ಗೆ ಚಾರ್ಜರ್ ಹಾಕಿ. ಆಗಲೂ ಸರಿಹೋಗದಿದ್ದರೆ ತನ್ನದೇ ಕರೆಂಟ್ ಇರುವ ಹಬ್ ಮೂಲಕ ಹಾಕಿ ನೋಡಿ. ಅದರಲ್ಲಿ ಸರಿಯಾಗಿ ಓಡಿದರೆ ಡ್ರೈವ್‌ಗೆ ಬೇಕಾಗಿದ್ದಿದ್ದು ಕರೆಂಟ್ ಮಾತ್ರ.

### ಚಾರ್ಜರ್ ಹೋಗಿ ಬರುವ ಹಬ್

ಆಲ್ದೂರಿನ ಹತ್ತಿರ ನನ್ನ ಭಾವನ ತೋಟವಿದೆ. ಹಣ್ಣು ಕೊಯ್ಲಿನ ಸಮಯದಲ್ಲಿ ದಿನದ ತೂಕ, ಆಳುಗಳ ಹಾಜರಿ ಎಲ್ಲವನ್ನೂ ತೋಟದ ಲೆಕ್ಕ ಬರೆಯುವ ರೈಟರ್ ಸಂಜೆ ಲ್ಯಾಪ್‌ಟಾಪ್‌ಗೆ ಹಾಕಿ ಬ್ಯಾಕಪ್ ತೆಗೆಯುತ್ತಾರೆ. ಬ್ಯಾಕಪ್ ದಿನಾ ಅರ್ಧಕ್ಕೆ ನಿಲ್ಲುತ್ತಿತ್ತು. ಹಗಲು ಮಾಡಿದರೆ ಸರಿ, ಸಂಜೆ ಮಾಡಿದರೆ ಇಲ್ಲ. ಹೊಸ ಡ್ರೈವ್ ತಂದರು, ಅದಕ್ಕೂ ಹಾಗೇ ಆಯಿತು.

ನಾನು ಹೋಗಿ ಪಕ್ಕದಲ್ಲಿ ಕೂತು ನೋಡಿದಾಗ ಗೊತ್ತಾಯಿತು. ಲ್ಯಾಪ್‌ಟಾಪ್‌ನ ಚಾರ್ಜರ್ ಅನ್ನು ಹಬ್‌ನ ಮೂಲಕವೇ ಹಾಕಿದ್ದರು. ಸಂಜೆ ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಲೇ ಇತ್ತು, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ಆದರೆ ಚಾರ್ಜರ್ ಹೋದಾಗ, ಬಂದಾಗ ಕೆಲವು ಹಬ್‌ಗಳು ಲ್ಯಾಪ್‌ಟಾಪ್‌ನ ಜೊತೆ ಕರೆಂಟಿನ ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡಿಕೊಳ್ಳುತ್ತವೆ. ಆ ಒಂದು ಕ್ಷಣ ಹಬ್‌ಗೆ ಹಾಕಿದ ಎಲ್ಲವೂ ಕಡಿದುಹೋಗುತ್ತದೆ. ಮೌಸ್ ಒಂದು ಕ್ಷಣ ನಿಂತರೆ ನಮಗೆ ತಿಳಿಯುವುದೇ ಇಲ್ಲ. ಬರೆಯುತ್ತಿರುವ ಡ್ರೈವ್ ಒಂದು ಕ್ಷಣ ಕಡಿದರೆ ಬ್ಯಾಕಪ್ ಕೆಡುತ್ತದೆ. ಕೆಲವೊಮ್ಮೆ ಫೈಲ್ ಪಟ್ಟಿಯೇ ಹಾಳಾಗುತ್ತದೆ.

ನಿಮ್ಮಲ್ಲೂ ಹೀಗಿದೆಯಾ ಅಂತ ನೋಡುವುದು ಸುಲಭ. ಡ್ರೈವ್ ಬದಲು ಒಂದು ಖಾಲಿ ಪೆನ್‌ಡ್ರೈವ್ ಅನ್ನು ಹಬ್‌ಗೆ ಹಾಕಿ. ಗೋಡೆಯ ಸ್ವಿಚ್ ಆಫ್ ಮಾಡಿ, ಆನ್ ಮಾಡಿ. ಪೆನ್‌ಡ್ರೈವ್ ಮಾಯವಾಗಿ ಮತ್ತೆ ಬಂದರೆ ಇದೇ ತೊಂದರೆ. ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ಚಾರ್ಜಿಂಗ್ ಪೋರ್ಟ್ ಇದ್ದರೆ ಚಾರ್ಜರ್ ಅನ್ನು ಅಲ್ಲಿಗೆ ಹಾಕಿ. ಇಲ್ಲದಿದ್ದರೆ ಚಾರ್ಜರ್ ಅನ್ನು ಯುಪಿಎಸ್‌ಗೆ ಹಾಕಿ. ಅದೂ ಇಲ್ಲದಿದ್ದರೆ ಬ್ಯಾಟರಿ ತುಂಬಿಸಿಕೊಂಡು, ಚಾರ್ಜರ್ ತೆಗೆದು, ಡ್ರೈವ್ ಮಾತ್ರ ಹಾಕಿ ಬ್ಯಾಕಪ್ ಮಾಡಿ. ಭಾವನ ಮನೆಯಲ್ಲಿ ಯುಪಿಎಸ್‌ಗೆ ಹಾಕಿದ ಮೇಲೆ ಬ್ಯಾಕಪ್ ಒಂದು ದಿನವೂ ನಿಂತಿಲ್ಲ.

### ದೊಡ್ಡ ಡ್ರೈವ್‌ನ ಪವರ್ ಅಡಾಪ್ಟರ್

3.5 ಇಂಚಿನ ದೊಡ್ಡ ಡ್ರೈವ್‌ಗೆ 12 ವೋಲ್ಟ್ ಬೇಕು. ಯುಎಸ್‌ಬಿ ಕೇಬಲ್‌ನಿಂದ ಅದು ಸಿಗುವುದಿಲ್ಲ, ಅದಕ್ಕೇ ಗೋಡೆಗೆ ಹಾಕುವ ಪವರ್ ಅಡಾಪ್ಟರ್ ಜೊತೆಗೆ ಬರುತ್ತದೆ. ಅದು ಕಳೆದುಹೋದರೆ ಮನೆಯಲ್ಲಿರುವ ಯಾವುದೋ ಅಡಾಪ್ಟರ್ ಹಾಕಬೇಡಿ. ಪಿನ್ ಕೂತಿತು ಅಂದ ಮಾತ್ರಕ್ಕೆ ಅದು ಸರಿಯಾದದ್ದಲ್ಲ. ಲ್ಯಾಪ್‌ಟಾಪ್ ಚಾರ್ಜರ್‌ಗಳು ಸಾಮಾನ್ಯವಾಗಿ 19 ವೋಲ್ಟ್ ಆಸುಪಾಸು ಇರುತ್ತವೆ. 12 ವೋಲ್ಟ್‌ನ ಡ್ರೈವ್‌ಗೆ ಅದನ್ನು ಹಾಕಿದರೆ ಬೋರ್ಡ್ ಸುಟ್ಟುಹೋಗಬಹುದು. ಅಡಾಪ್ಟರ್ ಮೇಲಿನ ಚೀಟಿ ಓದಿ. ವೋಲ್ಟ್ ಅಷ್ಟೇ ಇರಬೇಕು. ಆಂಪ್ ಅಷ್ಟೇ ಅಥವಾ ಜಾಸ್ತಿ ಇರಬಹುದು, ಕಮ್ಮಿ ಇರಬಾರದು. ಪಿನ್‌ನ ಒಳಗೆ ಪ್ಲಸ್, ಹೊರಗೆ ಮೈನಸ್ ಅನ್ನುವ ಗುರುತೂ ಹೊಂದಬೇಕು.

ಗುಡುಗು ಮಿಂಚು ಶುರುವಾದರೆ ಬ್ಯಾಕಪ್ ನಿಲ್ಲಿಸಿ, ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

## ಹಂತ 4: ಕೇಬಲ್

ಒಳಗೆ ಡೇಟಾ ತಂತಿಯೇ ಇಲ್ಲದ, ಚಾರ್ಜಿಂಗ್‌ಗೆ ಮಾತ್ರ ಅಂತ ಮಾಡಿದ ಕೇಬಲ್‌ಗಳಿವೆ. ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಡ್ರೈವ್‌ನ ಲೈಟ್ ಹತ್ತುತ್ತದೆ, ಮೋಟರ್ ತಿರುಗುತ್ತದೆ, ಆದರೆ ಲ್ಯಾಪ್‌ಟಾಪ್‌ಗೆ ಏನೂ ಕಾಣುವುದಿಲ್ಲ. ಟೈಪ್-ಸಿ ಕೇಬಲ್ ಆದರೆ ಅದೇ ಕೇಬಲ್‌ನಲ್ಲಿ ಮೊಬೈಲ್‌ನ ಫೋಟೋ ಲ್ಯಾಪ್‌ಟಾಪ್‌ಗೆ ಬರುತ್ತದಾ ನೋಡಿ. ಬಾರದಿದ್ದರೆ ಕೇಬಲ್ ಬದಲಾಯಿಸಿ.

ಹಳೆಯ ಡ್ರೈವ್‌ಗಳಲ್ಲಿ ಎರಡು ಭಾಗ ಸೇರಿಸಿದಂತೆ ಕಾಣುವ ಅಗಲದ ಸಾಕೆಟ್ ಇರುತ್ತದೆ. ಇದು ಬೇಗ ಸಡಿಲವಾಗುತ್ತದೆ. ಕೇಬಲ್ ಹಾಕಿದ ಮೇಲೆ ತುಸು ಅಲುಗಿಸಿದರೆ ಡ್ರೈವ್ ಹೋಗಿ ಬಂದು ಮಾಡುತ್ತದೆಯಾ? ಬೇರೆ ಕೇಬಲ್ ಹಾಕಿದರೂ ಹಾಗೇ ಆದರೆ ಸಾಕೆಟ್‌ನ ಬೆಸುಗೆ ಬಿಟ್ಟಿದೆ. ಪೇಪರ್ ಮಡಚಿ ಸಿಕ್ಕಿಸಿ ಓಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅಲುಗಿದಾಗಲೆಲ್ಲ ಡ್ರೈವ್ ನಡುವೆ ಕಡಿದು, ಫೈಲ್‌ಗಳು ಕೆಡುತ್ತವೆ. ಬೋರ್ಡ್ ಬೆಸುಗೆ ತಿಳಿದವರ ಹತ್ತಿರ ಸಾಕೆಟ್ ಬದಲಾಯಿಸಿಸಿ.

ಪಿನ್‌ಗಳ ಮೇಲೆ ಹಸಿರು ಅಥವಾ ಬಿಳಿ ಪೊರೆ ಕಂಡರೆ ಅದು ತೇವದಿಂದ ಬಂದದ್ದು. ಐಸೊಪ್ರೊಪೈಲ್ ಆಲ್ಕೋಹಾಲ್ ಅನ್ನು ಸಣ್ಣ ಬ್ರಷ್‌ಗೆ ಹಚ್ಚಿ ಒರೆಸಿ, ಪೂರ್ತಿ ಒಣಗಲು ಬಿಟ್ಟು, ಆಮೇಲೆ ಹಾಕಿ.

## ಹಂತ 5: ವಿಂಡೋಸ್‌ಗೆ ಏನು ಕಾಣುತ್ತಿದೆ?

ಇಲ್ಲಿಯವರೆಗೆ ಬಂದರೆ ಹೊರಗಿನ ದಾರಿ ಸರಿಯಿದೆ ಅಂತ ಗೊತ್ತಾಗಿದೆ. ಈಗ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ತೆರೆದ ಕೂಡಲೇ "ಇನಿಶಿಯಲೈಸ್ ಡಿಸ್ಕ್" ಅಂತ ಕಿಟಕಿ ಬಂದರೆ ಕ್ಯಾನ್ಸಲ್ ಮಾಡಿ. ಕೆಳಗಿನ ಅರ್ಧದಲ್ಲಿ ಡಿಸ್ಕ್ 0, ಡಿಸ್ಕ್ 1 ಅಂತ ಸಾಲುಗಳಿರುತ್ತವೆ. ಗಾತ್ರ ನೋಡಿ ನಿಮ್ಮ ಡ್ರೈವ್ ಯಾವುದು ಅಂತ ಗುರುತಿಸಿ. 1 ಟಿಬಿ ಡ್ರೈವ್ ಅಲ್ಲಿ 931 ಜಿಬಿ ಅಂತ ಕಾಣುತ್ತದೆ. ಲೆಕ್ಕದ ರೀತಿ ಬೇರೆ, ಜಾಗ ಏನೂ ಕಮ್ಮಿಯಾಗಿಲ್ಲ.

ಡ್ರೈವ್ ಇದೆ, ಹೆಲ್ತಿ ಅಂತಿದೆ, ಡಿ, ಇ ಥರದ ಡ್ರೈವ್ ಅಕ್ಷರ ಇಲ್ಲ. ಇದು ಎಲ್ಲಕ್ಕಿಂತ ಸುಲಭದ್ದು. ಆ ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ, ಚೇಂಜ್ ಡ್ರೈವ್ ಲೆಟರ್ ಆರಿಸಿ, ಒಂದು ಅಕ್ಷರ ಕೊಡಿ. ಫೈಲ್‌ಗಳು ಕಾಣುತ್ತವೆ.

ಆಫ್‌ಲೈನ್ ಅಂತಿದೆ. ಡಿಸ್ಕ್‌ನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಆನ್‌ಲೈನ್ ಮಾಡಿ.

ರಾ (RAW) ಅಂತಿದೆ, ಫಾರ್ಮ್ಯಾಟ್ ಕೇಳುತ್ತಿದೆ. ಫೈಲ್‌ಗಳ ಪಟ್ಟಿ ಹಾಳಾಗಿರಬಹುದು. ಅಥವಾ ಆ ಡ್ರೈವ್ ಅನ್ನು ಮೊದಲು ಮ್ಯಾಕ್‌ನಲ್ಲೋ ಲಿನಕ್ಸ್‌ನಲ್ಲೋ ಬಳಸಿರಬಹುದು. ಮನೆಯಲ್ಲಿ ಕೇಳಿ ನೋಡಿ. ಬೆಂಗಳೂರಿನಲ್ಲಿರುವ ಮಗ ತನ್ನ ಮ್ಯಾಕ್‌ಗೆ ಹಾಕಿ ಫಾರ್ಮ್ಯಾಟ್ ಮಾಡಿಕೊಂಡಿದ್ದ ಡ್ರೈವ್ ಅನ್ನು ಅಪ್ಪ ಇಲ್ಲಿ "ಕೆಟ್ಟಿದೆ" ಅಂತ ತಂದಿದ್ದರು. ಆ ಡ್ರೈವ್‌ಗೆ ಏನೂ ಆಗಿರಲಿಲ್ಲ. ಹಾಗೇನೂ ಇಲ್ಲದಿದ್ದರೆ ಹಂತ 7ಕ್ಕೆ ಹೋಗಿ.

ಅನ್‌ಅಲೊಕೇಟೆಡ್ ಅಥವಾ ನಾಟ್ ಇನಿಶಿಯಲೈಸ್ಡ್ ಅಂತಿದೆ, ಗಾತ್ರ ಸರಿಯಿದೆ. ಡ್ರೈವ್ ಮಾತಾಡುತ್ತಿದೆ, ಭಾಗಗಳ ಪಟ್ಟಿ ಸಿಗುತ್ತಿಲ್ಲ. ಇದೇ ಡ್ರೈವ್ ಅನ್ನು ಇತ್ತೀಚೆಗೆ ಒಂದು ಡಬ್ಬಿಯಿಂದ ತೆಗೆದು ಬೇರೆ ಅಡಾಪ್ಟರ್‌ಗೆ ಹಾಕಿದಿರಾ? ಹಾಗಾದರೆ ಹಳೆಯ ಡಬ್ಬಿಗೇ ವಾಪಸ್ ಹಾಕಿ ನೋಡಿ. ಕೆಲವು ಡಬ್ಬಿಗಳ ಚಿಪ್ ಡ್ರೈವ್‌ನ ಸೆಕ್ಟರ್‌ಗಳ (ಫೈಲ್ ಬರೆಯುವ ಸಣ್ಣ ಸಣ್ಣ ಜಾಗಗಳ) ಲೆಕ್ಕವನ್ನು ತನ್ನದೇ ರೀತಿಯಲ್ಲಿ ತೋರಿಸುತ್ತದೆ. ಬೇರೆ ಅಡಾಪ್ಟರ್‌ನಲ್ಲಿ ಆ ಲೆಕ್ಕ ಹೊಂದುವುದಿಲ್ಲ. ಇನ್ನು ಕೆಲವು ಡಬ್ಬಿಗಳು ನೀವು ಪಾಸ್‌ವರ್ಡ್ ಹಾಕದಿದ್ದರೂ ಎಲ್ಲವನ್ನೂ ಗೂಢಲಿಪಿಯಲ್ಲಿ ಬರೆಯುತ್ತವೆ. ಅಂಥ ಡ್ರೈವ್ ಓದಲು ಅದೇ ಚಿಪ್ ಬೇಕು. ಹಾಗಾಗಿ ಕೆಟ್ಟ ಡಬ್ಬಿಯನ್ನೂ ಎಸೆಯಬೇಡಿ.

ಗಾತ್ರ 0 ಅಂತ, ಅಥವಾ ಪೂರಾ ತಪ್ಪಾಗಿ ತೋರಿಸುತ್ತಿದೆ. ಅಡಾಪ್ಟರ್‌ನ ಚಿಪ್ ಕಾಣುತ್ತಿದೆ, ಅದರ ಹಿಂದಿನ ಡ್ರೈವ್ ಉತ್ತರ ಕೊಡುತ್ತಿಲ್ಲ. ಸಾಟಾ ಅಡಾಪ್ಟರ್ ಆದರೆ ಇನ್ನೊಂದು ಅಡಾಪ್ಟರ್‌ನಲ್ಲಿ ನೋಡಿ. ಅದರಲ್ಲೂ ಹೀಗೇ ಆದರೆ ಡ್ರೈವ್‌ನ ಒಳಗೇ ತೊಂದರೆ.

ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಡ್ರೈವ್ ಮೇಲೆ ಬೀಗದ ಚಿತ್ರ ಇದೆ. ಅದು ಬಿಟ್‌ಲಾಕರ್, ವಿಂಡೋಸ್ ಡ್ರೈವ್‌ಗೆ ಹಾಕುವ ಬೀಗ. ಪಾಸ್‌ವರ್ಡ್ ಬೇಕು, ಅದು ಮರೆತಿದ್ದರೆ 48 ಅಂಕಿಗಳ ರಿಕವರಿ ಕೀ ಬೇಕು. ಬ್ಯಾಕಪ್‌ಗೆ ಬೀಗ ಹಾಕಿದಾಗ ಆ ಕೀಯನ್ನು ಎಲ್ಲಿಟ್ಟಿರಿ ಅಂತ ನೆನಪಿಸಿಕೊಳ್ಳಿ. ಮೈಕ್ರೋಸಾಫ್ಟ್ ಖಾತೆಯಲ್ಲೂ ಹುಡುಕಿ.

ಡ್ರೈವ್ ಪಟ್ಟಿಯಲ್ಲಿ ಕಾಣದೇ ಹೋದರೆ ಮತ್ತೆ ಹಂತ 2ಕ್ಕೆ ಹೋಗಿ, ಇನ್ನೊಂದು ಲ್ಯಾಪ್‌ಟಾಪ್‌ನಲ್ಲಿ ನೋಡಿ.

ಡ್ರೈವ್ ಬಂದು ಹೋಗಿ ಮಾಡುತ್ತಿದ್ದರೆ, ಏನೇನಾಯಿತು ಅಂತ ವಿಂಡೋಸ್ ಬರೆದಿಟ್ಟದ್ದನ್ನು ತೋರಿಸುವ ಇವೆಂಟ್ ವ್ಯೂವರ್ ತುಂಬ ಸಹಾಯಕ್ಕೆ ಬರುತ್ತದೆ. ಅದೂ ಸ್ಟಾರ್ಟ್ ಬಟನ್‌ನ ರೈಟ್ ಕ್ಲಿಕ್‌ನಲ್ಲೇ ಇದೆ. ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಡಿಸ್ಕ್ ಅನ್ನುವ ಹೆಸರಿನ ಸಾಲುಗಳ ಸಂಖ್ಯೆ ನೋಡಿ. 157 ಅಂದರೆ ಡ್ರೈವ್ ಹೇಳದೇ ಕೇಳದೇ ಕಡಿದುಹೋಗಿದೆ. ಅಡಾಪ್ಟರ್, ಕೇಬಲ್, ಕರೆಂಟ್ ಕಡೆ ಬೆರಳು ತೋರಿಸುತ್ತದೆ. 153 ಅಂದರೆ ಉತ್ತರ ಬಾರದೆ ಮತ್ತೆ ಕೇಳಬೇಕಾಯಿತು ಅಂತ. ಅದು ಎರಡೂ ಕಡೆಯ ತೊಂದರೆ ಇರಬಹುದು. 7 ಅಂದರೆ ಓದಲಾಗದ ಜಾಗ ಸಿಕ್ಕಿದೆ. ಅದು ಡ್ರೈವ್‌ನ ಒಳಗಿನ ತೊಂದರೆ.

ಮ್ಯಾಕ್ ಬಳಸುವವರಿಗೆ ಒಂದು ಮಾತು. ಎನ್‌ಟಿಎಫ್‌ಎಸ್ ಅನ್ನುವ ವಿಂಡೋಸ್ ಫಾರ್ಮ್ಯಾಟ್‌ನ ಡ್ರೈವ್ ಅನ್ನು ಮ್ಯಾಕ್ ಓದುತ್ತದೆ, ಆದರೆ ತಾನಾಗಿ ಬರೆಯುವುದಿಲ್ಲ. ಅದಕ್ಕೆ ಫೈಲ್ ಕಾಪಿ ಮಾಡಲು ಬಿಡುತ್ತಿಲ್ಲ ಅಂದರೆ ಡ್ರೈವ್ ಕೆಟ್ಟಿದೆ ಅಂತ ಅಂದುಕೊಳ್ಳಬೇಡಿ.

## ಹಂತ 6: ಡ್ರೈವ್‌ನ ಆರೋಗ್ಯ ನೋಡುವುದು

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು ಮೇಲಿನ ಪಟ್ಟಿಯಲ್ಲಿ ನಿಮ್ಮ ಡ್ರೈವ್ ಆರಿಸಿ. ಕೆಲವು ಅಡಾಪ್ಟರ್‌ಗಳು ಈ ಮಾಹಿತಿಯನ್ನು ದಾಟಿಸುವುದೇ ಇಲ್ಲ. ಆಗ ಡ್ರೈವ್ ಪಟ್ಟಿಯಲ್ಲಿ ಬರದೇ ಇರಬಹುದು. ಹೆದರಬೇಡಿ, ಬೇರೆ ಅಡಾಪ್ಟರ್‌ನಲ್ಲಿ ನೋಡಿ.

ಇದರಲ್ಲಿ ಸಂಖ್ಯೆಗಳು ಮೊದಲಿಗೆ ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ 16ರ ಲೆಕ್ಕದಲ್ಲಿರುತ್ತವೆ. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್ ಒಳಗೆ ರಾ ವ್ಯಾಲ್ಯೂಸ್ ಅನ್ನು ನಮ್ಮ ಎಂದಿನ 10ರ ಲೆಕ್ಕಕ್ಕೆ (DEC) ಬದಲಾಯಿಸಿ. ಇಲ್ಲದಿದ್ದರೆ 10 ಅಂತ ಕಂಡದ್ದು ನಿಜವಾಗಿ 16 ಆಗಿರುತ್ತದೆ.

ಹಾರ್ಡ್ ಡಿಸ್ಕ್ ಆದರೆ ಮೂರು ಸಾಲು ಮುಖ್ಯ. 05ನೇ ಸಾಲು, ಕೆಟ್ಟ ಜಾಗದ ಬದಲು ಮೀಸಲು ಜಾಗ ಬಳಸಿದ ಲೆಕ್ಕ. ಸಿ5 ಸಾಲು, ಓದಲು ಕಷ್ಟಪಡುತ್ತಿರುವ, ಇನ್ನೂ ತೀರ್ಮಾನವಾಗದ ಜಾಗಗಳು. ಸಿ6 ಸಾಲು, ಓದಲು ಆಗಲೇ ಇಲ್ಲ ಅನ್ನುವ ಜಾಗಗಳು. ಮೂರೂ 0 ಇದ್ದರೆ ಒಳ್ಳೆಯದು. ಸಿ5 ಇವತ್ತು 8, ನಾಳೆ 40 ಅಂತ ಏರುತ್ತಿದ್ದರೆ ಆ ಡ್ರೈವ್ ಅನ್ನು ಇನ್ನು ನಂಬಬೇಡಿ. ಇವತ್ತೇ ಕಾಪಿ ಮಾಡಿ.

ಸಿ7 ಸಾಲು ಏರುತ್ತಿದ್ದರೆ ಡ್ರೈವ್‌ಗೂ ಅಡಾಪ್ಟರ್‌ನ ಚಿಪ್‌ಗೂ ನಡುವಿನ ಸಾಟಾ ಜೋಡಣೆ ಸರಿಯಿಲ್ಲ ಅಂತ. ಸಾಟಾ ಅಡಾಪ್ಟರ್ ಬಳಸುವವರು ಇದನ್ನು ಗಮನಿಸಿ. ಅಡಾಪ್ಟರ್ ಬದಲಾಯಿಸಿದ ಮೇಲೂ ಹಳೆಯ ಸಂಖ್ಯೆ ಹಾಗೇ ಉಳಿಯುತ್ತದೆ. ಮುಂದೆ ಏರದಿದ್ದರೆ ಸಾಕು.

01 ಮತ್ತು 07ನೇ ಸಾಲುಗಳಲ್ಲಿ ಕೋಟಿಗಟ್ಟಲೆ ಸಂಖ್ಯೆ ನೋಡಿ ಗಾಬರಿಯಾಗಿ ಫೋನ್ ಮಾಡುವವರು ತುಂಬ ಜನ. ಕೆಲವು ಕಂಪನಿಗಳ ಡ್ರೈವ್‌ಗಳಲ್ಲಿ ಅಲ್ಲಿ ದೊಡ್ಡ ಸಂಖ್ಯೆ ಇರುವುದೇ ಸಹಜ.

## ಹಂತ 7: ಮೊದಲು ಕಾಪಿ, ಆಮೇಲೆ ರಿಪೇರಿ

ಫೈಲ್‌ಗಳು ಕಾಣುತ್ತಿದ್ದರೆ ತಡ ಮಾಡದೆ ಖಾಲಿ ಡ್ರೈವ್‌ಗೆ ಕಾಪಿ ಮಾಡಿ. ಇಡೀ ಡ್ರೈವ್ ಆರಿಸಿ ಎಳೆಯಬೇಡಿ. ಒಂದು ಕೆಟ್ಟ ಫೈಲ್ ಸಿಕ್ಕಿದರೂ ಎಲ್ಲ ನಿಂತುಬಿಡುತ್ತದೆ. ಮತ್ತೆ ಎಲ್ಲೂ ಸಿಗದಿರುವುದು ಮೊದಲು: ಮನೆಯವರ ಫೋಟೋ, ತೋಟದ ಲೆಕ್ಕ, ಪಹಣಿ ಮತ್ತು ಕ್ರಯಪತ್ರದ ಸ್ಕ್ಯಾನ್, ಮಕ್ಕಳ ಅಂಕಪಟ್ಟಿ. ಸಿನಿಮಾ, ಸಾಫ್ಟ್‌ವೇರ್ ಕೊನೆಗೆ.

ಸಿ5, ಸಿ6 ಏರಿರುವ ಡ್ರೈವ್ ಆದರೆ, ಅಥವಾ ರಾ ಅಂತ ತೋರಿಸುತ್ತಿದ್ದರೆ, ಪೂರ್ತಿ ಡ್ರೈವ್‌ನ ಪ್ರತಿ ತೆಗೆಯುವುದು ಒಳ್ಳೆಯದು. ಲಿನಕ್ಸ್‌ನಲ್ಲಿ ಓಡುವ ಡಿಡಿ-ರೆಸ್ಕ್ಯೂ ಇದಕ್ಕೆಂದೇ ಮಾಡಿದ್ದು. ಅದು ಸುಲಭವಾಗಿ ಓದಲು ಬರುವ ಜಾಗಗಳನ್ನೆಲ್ಲ ಮೊದಲು ತೆಗೆದುಕೊಳ್ಳುತ್ತದೆ, ಕಷ್ಟದ ಜಾಗಗಳನ್ನು ಕೊನೆಗೆ ಬಿಡುತ್ತದೆ. ನಡುವೆ ಕರೆಂಟ್ ಹೋದರೂ, ಮ್ಯಾಪ್ ಫೈಲ್ ಇಟ್ಟುಕೊಂಡಿದ್ದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಮೂಲ ಯಾವುದು, ಪ್ರತಿ ಯಾವುದು ಅಂತ ಮೂರು ಸಲ ನೋಡಿ ಆಮೇಲೆ ಎಂಟರ್ ಒತ್ತಿ. ಅದಲು ಬದಲಾದರೆ ಖಾಲಿ ಡ್ರೈವ್‌ನಲ್ಲಿರುವುದೇ ನಿಮ್ಮ ಫೈಲ್‌ಗಳ ಮೇಲೆ ಬರೆದುಹೋಗುತ್ತದೆ. ಲಿನಕ್ಸ್ ಅಭ್ಯಾಸ ಇಲ್ಲದವರು ಇದನ್ನು ತಿಳಿದವರ ಜೊತೆ ಕೂತು ಮಾಡಿ. ಟೆಸ್ಟ್‌ಡಿಸ್ಕ್, ಫೋಟೋರೆಕ್ ಇಂಥ ಕಳೆದುಹೋದದ್ದನ್ನು ಹುಡುಕುವ ಸಾಫ್ಟ್‌ವೇರ್ ಓಡಿಸುವುದು ಆ ಪ್ರತಿಯ ಮೇಲೆ, ಮೂಲದ ಮೇಲೆ ಅಲ್ಲ.

ವಿಂಡೋಸ್‌ನಲ್ಲೇ ಇರುವ ಚೆಕ್‌ಡಿಸ್ಕ್ ಬಗ್ಗೆ ಬಿಡಿಸಿ ಹೇಳಬೇಕು. ಎಲ್ಲರೂ ಮೊದಲು ಓಡಿಸುವುದು ಅದನ್ನೇ. ಅದರ ಕೆಲಸ ಫೈಲ್ ಪಟ್ಟಿಯನ್ನು ಸರಿಯಾದ ಸ್ಥಿತಿಗೆ ತರುವುದು. ನಿಮ್ಮ ಫೈಲ್ ಉಳಿಸುವುದು ಅದರ ಕೆಲಸವಲ್ಲ. ಲೆಕ್ಕ ಹೊಂದದ ಫೈಲ್‌ಗಳನ್ನು ಅದು ಕತ್ತರಿಸುತ್ತದೆ, ಹೆಸರಿಲ್ಲದ ತುಂಡುಗಳಾಗಿ ಮಾಡುತ್ತದೆ. ಸೋಲುತ್ತಿರುವ ಡ್ರೈವ್ ಮೇಲೆ ಗಂಟೆಗಟ್ಟಲೆ ಓಡಿ, ಉಳಿದ ಜೀವವನ್ನೂ ತೆಗೆಯುತ್ತದೆ. ಕಾಪಿ ಆದ ಮೇಲೆ, ಆರೋಗ್ಯದ ಸಾಲುಗಳು ಸರಿಯಿದ್ದರೆ ಮಾತ್ರ ಓಡಿಸಿ. ಡ್ರೈವ್‌ನ ಪ್ರಾಪರ್ಟೀಸ್, ಟೂಲ್ಸ್, ಚೆಕ್.

ಅದೇ ಡ್ರೈವ್ ಅನ್ನು ಮತ್ತೆ ಬಳಸಬೇಕು ಅನಿಸಿದರೆ ಕ್ವಿಕ್ ಫಾರ್ಮ್ಯಾಟ್ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ಅದು ಪ್ರತಿ ಜಾಗಕ್ಕೂ ಬರೆದು ನೋಡುತ್ತದೆ, ಹಾಗಾಗಿ ಹಲವು ಗಂಟೆ ಹಿಡಿಯುತ್ತದೆ. ಮುಗಿದ ಮೇಲೆ ಸಿ5 ಮತ್ತೆ ನೋಡಿ. 0ಗೆ ಇಳಿಯದಿದ್ದರೆ, ಅಥವಾ 05 ಏರಿದ್ದರೆ ಬ್ಯಾಕಪ್‌ಗೆ ಬೇಡ.

## ಹಂತ 8: ಡ್ರೈವ್ ಸರಿಯಿದೆ, ಬ್ಯಾಕಪ್ ಮಾತ್ರ ನಿಲ್ಲುತ್ತದೆ

ಮೊದಲು ಅಕ್ಷರ ನೋಡಿ. ಬ್ಯಾಕಪ್ ಸಾಫ್ಟ್‌ವೇರ್ ಇ ಡ್ರೈವ್ ಹುಡುಕುತ್ತಿರುತ್ತದೆ. ಇವತ್ತು ಪೆನ್‌ಡ್ರೈವ್ ಮೊದಲು ಹಾಕಿದ್ದರಿಂದ ನಿಮ್ಮ ಡ್ರೈವ್ ಎಫ್ ಆಗಿರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಬ್ಯಾಕಪ್ ಡ್ರೈವ್‌ಗೆ ಕೊನೆಯ ಕಡೆಯ ಅಕ್ಷರ ಕೊಟ್ಟುಬಿಡಿ, ಎಕ್ಸ್ ಅಥವಾ ವೈ. ಅದು ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ.

ಡ್ರೈವ್ ಫ್ಯಾಟ್32 ಅನ್ನುವ ಹಳೆಯ ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿ ಮುಟ್ಟುವ ಒಂದೇ ಫೈಲ್ ಅದರಲ್ಲಿ ಕೂರುವುದಿಲ್ಲ. ಜಾಗ ಎಷ್ಟೇ ಖಾಲಿ ಇದ್ದರೂ ಅಷ್ಟೇ. ವಿಂಡೋಸ್ ಮಾತ್ರ ಆದರೆ ಎನ್‌ಟಿಎಫ್‌ಎಸ್, ಮ್ಯಾಕ್ ಕೂಡ ಇದ್ದರೆ ಎಕ್ಸ್‌ಫ್ಯಾಟ್. ಆದರೆ ಎಕ್ಸ್‌ಫ್ಯಾಟ್‌ಗೆ ನಡುವೆ ಕಡಿದುಹೋಗುವುದನ್ನು ತಡೆದುಕೊಳ್ಳುವ ಶಕ್ತಿ ಕಮ್ಮಿ. ಕರೆಂಟ್ ಹೋಗಿ ಬರುವ ಮನೆಯಲ್ಲಿ ವಿಂಡೋಸ್ ಮಾತ್ರ ಇದ್ದರೆ ನಾನು ಎನ್‌ಟಿಎಫ್‌ಎಸ್ ಅನ್ನೇ ಹೇಳುತ್ತೇನೆ.

ಲ್ಯಾಪ್‌ಟಾಪ್ ನಿದ್ದೆಗೆ ಹೋಗದಂತೆ ಮಾಡಿ. ಕರೆಂಟ್ ಉಳಿಸಲು ವಿಂಡೋಸ್ ಯುಎಸ್‌ಬಿ ಪೋರ್ಟ್ ಅನ್ನೂ ಮಲಗಿಸುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್ ತೆರೆದು, ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ಆಫ್ ಮಾಡಲು ಅನುಮತಿ ಕೊಡುವ ಗುರುತನ್ನು ತೆಗೆಯಿರಿ.

2018ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿಯಿಂದ ಈಚೆಗೆ ಡ್ರೈವ್‌ಗಳು ತಾವಾಗೇ "ಕ್ವಿಕ್ ರಿಮೂವಲ್" ಸ್ಥಿತಿಯಲ್ಲಿರುತ್ತವೆ, ಅಂದರೆ ಇಜೆಕ್ಟ್ ಮಾಡದೆ ತೆಗೆಯಬಹುದಾದ ಸ್ಥಿತಿ. ಹಾಗಂತ ಬರೆಯುತ್ತಿರುವಾಗ ಕಿತ್ತರೆ ಏನೂ ಆಗುವುದಿಲ್ಲ ಅಂತಲ್ಲ. ಇಜೆಕ್ಟ್ ಮಾಡಿ, ಲೈಟ್ ಮಿನುಗುವುದು ನಿಂತ ಮೇಲೆ ತೆಗೆಯಿರಿ.

ಬ್ಯಾಕಪ್ ಮುಗಿದ ಮೇಲೆ ನಾಲ್ಕೈದು ಫೈಲ್‌ಗಳನ್ನು ಬ್ಯಾಕಪ್ ಡ್ರೈವ್‌ನಿಂದಲೇ ತೆರೆದು ನೋಡಿ. ಒಂದು ಹಳೆಯ ಫೋಟೋ, ಒಂದು ದೊಡ್ಡ ವಿಡಿಯೋ, ಇವತ್ತಿನ ಲೆಕ್ಕದ ಶೀಟ್. ತೆರೆದರೆ ಮಾತ್ರ ಬ್ಯಾಕಪ್ ಆಗಿದೆ ಅಂತ ಲೆಕ್ಕ.

## ಇಲ್ಲಿಗೆ ನಿಲ್ಲಿಸಿ

ಸಾಕಷ್ಟು ಕರೆಂಟ್ ಕೊಟ್ಟ ಮೇಲೂ ಟಕ್ ಟಕ್ ಶಬ್ದ. ಉಜ್ಜಿದಂಥ ಶಬ್ದ. ಸುಟ್ಟ ವಾಸನೆ. ಕೆಳಗೆ ಬಿದ್ದದ್ದು, ನೀರು ಹೊಕ್ಕಿದ್ದು. ಇವುಗಳಲ್ಲಿ ಒಂದಿದ್ದರೂ ಮನೆಯಲ್ಲಿ ಮಾಡುವಂಥದ್ದು ಏನೂ ಉಳಿದಿಲ್ಲ. ಕರೆಂಟ್ ತೆಗೆದು, ಬಟ್ಟೆ ಸುತ್ತಿ, ಎತ್ತಿಡಿ. ಫ್ರಿಜ್‌ನಲ್ಲಿಡುವುದು, ತಟ್ಟುವುದು ಯಾವುದೂ ಬೇಡ.

ಫೈಲ್‌ಗಳು ಬೇಕೇ ಬೇಕು ಅಂದರೆ ಡೇಟಾ ರಿಕವರಿ ಲ್ಯಾಬ್‌ಗೆ ಕಳಿಸಬೇಕು. ಕೊಡುವ ಮುಂಚೆ ಎರಡು ಮಾತು ಕೇಳಿ. ಡ್ರೈವ್ ಬಿಚ್ಚಲು ಧೂಳಿಲ್ಲದ ಕ್ಲೀನ್ ರೂಮ್ ಇದೆಯಾ? ನೋಡಿ ಹೇಳಲು ಎಷ್ಟು, ಫೈಲ್ ಸಿಗದಿದ್ದರೆ ಎಷ್ಟು? ಬರೆದು ಕೊಡಲು ಹೇಳಿ. ಸಾಮಾನ್ಯ ರಿಪೇರಿ ಅಂಗಡಿಯ ಮೇಜಿನ ಮೇಲೆ ಡ್ರೈವ್‌ನ ಮುಚ್ಚಳ ತೆಗೆಯಲು ಬಿಡಬೇಡಿ. ನಾನೂ ತೆಗೆಯುವುದಿಲ್ಲ. ಹೆಡ್‌ಗೂ ತಟ್ಟೆಗೂ ನಡುವಿನ ಅಂತರ ಒಂದು ಧೂಳಿನ ಕಣಕ್ಕಿಂತ ಕಮ್ಮಿ.

## ಮಳೆಗಾಲದಲ್ಲಿ ಡ್ರೈವ್ ಇಡುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಬೀರುವಿನಲ್ಲಿ ಇಡಬೇಡಿ. ಬೂಷ್ಟು ಬರುವ ಜಾಗದಲ್ಲಿ ಕನೆಕ್ಟರ್ ಕೂಡ ಕೆಡುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಬಣ್ಣ ಬದಲಾಗುವ ಸಿಲಿಕಾ ಜೆಲ್ ಸಿಕ್ಕಿದರೆ ಇನ್ನೂ ಒಳ್ಳೆಯದು, ಯಾವಾಗ ಬದಲಾಯಿಸಬೇಕು ಅಂತ ಕಣ್ಣಿಗೇ ಕಾಣುತ್ತದೆ. ಅಡಾಪ್ಟರ್, ಕೇಬಲ್ ಕೂಡ ಅದೇ ಡಬ್ಬಿಯಲ್ಲಿರಲಿ. ಸರಿಯಾಗಿ ಓಡುವ ಜೋಡಿಯನ್ನು ಬೇರೆ ಬೇರೆ ಮಾಡಬೇಡಿ.

ತಿಂಗಳಿಗೊಮ್ಮೆ ಹೊರತೆಗೆದು ಹಾಕಿ ನೋಡಿ. ಎಸ್‌ಎಸ್‌ಡಿ ಆದರೆ ಇದು ಇನ್ನೂ ಮುಖ್ಯ, ವರ್ಷಗಟ್ಟಲೆ ಕರೆಂಟ್ ಇಲ್ಲದೆ ಇಟ್ಟರೆ ಅದರಲ್ಲಿರುವುದು ಅಳಿಯಬಹುದು. ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿ. ಡ್ರೈವ್‌ನ ಅಕ್ಷರ, ಕೊನೆಯ ಬ್ಯಾಕಪ್ ತಾರೀಖು, ಸಿ5 ಸಾಲಿನ ಸಂಖ್ಯೆ ಬರೆಯಿರಿ. ಮುಂದಿನ ತಿಂಗಳು ಆ ಸಂಖ್ಯೆ ಏರಿದ್ದರೆ ಹಂತ 7ಕ್ಕೆ ಬನ್ನಿ.